ಕೊರಟಗೆರೆ ಬೆಂಚುಗಳೂ ನನ್ನ ಅಚ್ಚುಗಳೂ

ಮರದ ವ್ಯಾಪಾರಕ್ಕೆ ಕೂತವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಗಿರಾಕಿಗಿಂತ ಮೊದಲು ಅದೇ ಅಂಗಡಿ ಮೆಟ್ಟಿಲು ಹತ್ತುತ್ತದೆ. ಮಧುಗಿರಿ ಬೆಟ್ಟದ ಬುಡದಲ್ಲಿ ಮೂವತ್ತು ವರ್ಷ ಹಲಗೆ ಮಾರಿದ್ದೇನೆ. ಅಷ್ಟರಲ್ಲಿ ಒಂದೇ ಒಂದು ಸಲ, ಮಾರುವುದು ಬಿಟ್ಟು ಕುಯ್ಯುವುದಕ್ಕೆ ಕೈಹಾಕಿದೆ. ಈ ಪ್ರಸಂಗಗಳು ಆಗ ನಡೆದವು.

ಅಚ್ಚು ಬಂದದ್ದು

ಕೊರಟಗೆರೆಯ ಹೊಸ ಶಾಲೆಗೆ ಮೂವತ್ತು ಬೆಂಚು ಮಾಡಿಕೊಡಲು ಒಪ್ಪಿಕೊಂಡಿದ್ದೆ. ಶಾಲೆ ತೆರೆಯುವ ದಿನ ಬೆಂಚು ಇಲ್ಲದಿದ್ದರೆ ತಾಲ್ಲೂಕಿನ ಉಳಿದ ಶಾಲೆಗಳ ಕೆಲಸವೆಲ್ಲ ತುಮಕೂರಿನವರ ಪಾಲು ಎಂದು ಅಮಲ್ದಾರರು ನಗುನಗುತ್ತಲೇ ಹೇಳಿದ್ದರು. ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಕೆಲಸಕ್ಕಿದ್ದವರು ಒಬ್ಬರೇ ವಯಸ್ಸಾದ ಆಚಾರಿ. ಕೈ ಚಿನ್ನದಂಥದು, ಆದರೆ ಒಂದು ಬೆಂಚಿಗೆ ಒಂದು ವಾರ. ಶಾಲೆಗೆ ಉಳಿದಿದ್ದುದು ಎರಡೇ ತಿಂಗಳು.

ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ನಾನು ಒಂದು ಉಪಾಯ ನೋಡಿ ಬಂದಿದ್ದೆ. ಕೆಳಗೊಂದು ಹಲಗೆ, ಅದರ ಎರಡು ಪಕ್ಕಕ್ಕೆ ಎರಡು ಹಲಗೆ, ಪಕ್ಕದ ಹಲಗೆಗಳಲ್ಲಿ ಎದುರುಬದುರು ಸೀಳು. ಸೀಳಿನೊಳಗೆ ಗರಗಸ ಇಳಿಸಿದರೆ ಕೈ ಅತ್ತಿತ್ತ ಹೋಗುವಂತಿಲ್ಲ. ಒಂದು ಕೊನೆಗೆ ಗೂಟ. ಮರವನ್ನು ಗೂಟಕ್ಕೆ ತಾಗಿಸಿ ಕುಯ್ದರೆ ನೂರು ಕಾಲು ಕುಯ್ದರೂ ಒಂದೇ ಅಳತೆ. ಇದಕ್ಕೆ ಅಚ್ಚು ಎಂದು ಹೆಸರಿಟ್ಟು, ನಾನೇ ಒಂದು ಮಾಡಿ ಆಚಾರಿಯ ಮುಂದಿಟ್ಟೆ.

"ಇದೇನ್ ಶೆಟ್ರೆ, ದನಕ್ಕೆ ಕಲಗಚ್ಚು ಹಾಕೋದಾ?"

"ಇದಿದ್ದರೆ ಮರಗೆಲಸ ಬಾರದವನೂ ನೆಟ್ಟಗೆ ಕುಯ್ತಾನೆ, ಆಚಾರ್ರೆ."

"ಬಾರದವ್ರು ಯಾರವ್ರೆ ಇಲ್ಲಿ? ನೀವೊಬ್ರೇಯ. ಎಲ್ಲಿ, ಕುಯ್ದು ತೋರ್ಸಿ."

ಹುರುಪಿನಲ್ಲಿ ಕುಯ್ದೆ. ಮರ ತುಂಡಾಯಿತು. ಗರಗಸವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಅಚ್ಚಿನ ತಳವೂ ತುಂಡಾಗಿ ಎರಡು ಹೋಳು ಎರಡು ಕಡೆ ಬಿತ್ತು.

ಆಚಾರಿ ಎರಡನ್ನೂ ಎತ್ತಿ ಕಣ್ಣಿಗೆ ಹಿಡಿದು ನೋಡಿದರು. "ಏನೇ ಅನ್ನಿ, ನೆಟ್ಟಗೇ ಕುಯ್ದದೆ."

ಸಿರಾದವನ ಅಭ್ಯಾಸ

ಮತ್ತೆ ಎರಡು ಅಚ್ಚು ಮಾಡಿದೆ. ಬೆಂಚಿನ ಎಡತುದಿಯ ಕಾಲು ಕುಯ್ಯಲು ಒಂದು, ಬಲತುದಿಗೆ ಒಂದು. ಎಡಕ್ಕೆ ನಾನೇ ನಿಂತೆ. ಬಲಕ್ಕೆ ಸಿರಾದಿಂದ ಒಬ್ಬ ಗಟ್ಟಿ ಆಳನ್ನು ಕರೆಸಿದೆ. ಅಲ್ಲಿಯವರೆಗೆ ಅವನು ಗಾಡಿಗೆ ಮೂಟೆ ಏರಿಸುತ್ತಿದ್ದವನು.

"ನೋಡಪ್ಪ, ಒಳ್ಳೇ ಮರ ಮುಟ್ಟಬೇಡ. ಮೊದಲು ಇನ್ನೂರು ಚೂರು ಕುಯ್ದು ಕೈ ಪಳಗಿಸಿಕೋ. ಚೂರು ಆ ಮೂಲೇಲಿ ರಾಶಿ ಇದೆ" ಎಂದು ಹೇಳಿ ಸಂತೆಗೆ ಹೋದೆ.

ಸಂಜೆ ಬಂದು ನೋಡಿದರೆ ಗೋಡೆಗೆ ಒರಗಿಸಿಟ್ಟಿದ್ದ ಹೊನ್ನೆ ಹಲಗೆ ಕಾಣಿಸಲಿಲ್ಲ. ಅದು ನಾನು ನಮ್ಮ ಮನೆಯ ದೇವರ ಕೋಣೆ ಬಾಗಿಲಿಗೆಂದು ಮೂರು ವರ್ಷ ಒಣಗಿಸಿದ್ದ ಹಲಗೆ.

"ಆ ಹಲಗೆ ಎಲ್ಲಯ್ಯಾ?"

"ಚೂರು ನೂರಾ ಹತ್ತಕ್ಕೇ ಖತಂ ಆಗೋಯ್ತು ಸಾವ್ಕಾರ್. ಇನ್ನೂರು ಅಂದಿದ್ರಲ್ಲ, ಅದ್ಕೆ ಅದನ್ನ ಚೂರು ಮಾಡ್ಕಂಡೆ."

ಹೊನ್ನೆಯ ಒಂದು ಚೂರನ್ನು ಕೈಗೆತ್ತಿಕೊಂಡೆ. ಅವನು ನನ್ನ ಮುಖ ನೋಡಿ ಸಮಾಧಾನ ಹೇಳಿದ: "ಫಿಕರ್ ಮಾಡ್ಬ್ಯಾಡಿ. ಒಳ್ಳೇ ಮರ ಅಂತ ಗೊತ್ತಾಯ್ತು, ಅದ್ಕೆ ಬಲೇ ಹುಷಾರಾಗಿ ಚೂರು ಮಾಡಿವ್ನಿ."

ಪಾವಗಡದ ಮೂವತ್ತು

ಕಾಲು ಕೂಡಿಸುವ ಅಡ್ಡಪಟ್ಟಿಗೆ ಕೈ ಸಾಲದೆ ಹೋಯಿತು. ಪಾವಗಡದಲ್ಲಿ ನನಗೆ ಬೇಕಾದ ಒಬ್ಬ ಬಡಗಿ ಇದ್ದ. ಇನ್ನೊಂದು ಅಚ್ಚು ಮಾಡಿ, ಗಾಡಿಯವನ ಕೈಗೆ ಕೊಟ್ಟು, "ಇದರ ಅಳತೆಗೆ ಮೂವತ್ತು ಬೇಕು ಅನ್ನು" ಎಂದು ಕಳಿಸಿದೆ. ಹದಿನೈದು ದಿನಕ್ಕೆ ಗಾಡಿ ತುಂಬ ಸಾಮಾನಿನ ಜೊತೆ ಬಡಗಿ ತಾನೇ ಬಂದಿಳಿದ. ಮೇಲಿನ ಗೋಣಿ ಸರಿಸಿದೆ. ಅಡ್ಡಪಟ್ಟಿ ಒಂದೂ ಇಲ್ಲ. ಮೂವತ್ತು ಅಚ್ಚು, ಕನ್ನಡಿಯಂತೆ ನುಣ್ಣಗೆ ಕೀಸಿದವು.

"ಮೀರು ಕಳಿಸಿದ ಮಾದರಿಗಿಂತ ಬಾಗ ಚೆನ್ನಾಗಿ ಬಂದದೆ ಸಾಮಿ" ಎಂದ ಬಡಗಿ, ತನ್ನ ಅರೆತೆಲುಗಿನಲ್ಲಿ. "ನಿಮ್ದರಲ್ಲಿ ಪಕ್ಕದ ಹಲಗೆ ಎಲ್ಲಾ ಸೀಳಿತ್ತು. ಪಾಪಂ, ಶೆಟ್ಟರಿಗೆ ಯಾರೋ ಒಡಕು ಮರ ತಗಲಿಸವ್ರೆ ಅಂದ್ಕಂಡೆ. ನಾನು ಸೀಳಿಲ್ದಂಗೆ ಚೇಸಿನಾನು. ಎರಡು ಕೊನೇನೂ ಮುಚ್ಚಿವ್ನಿ, ನೀಳ್ಳು ಒಂದು ಹನಿ ಸೋರಲ್ಲ."

ಆಚಾರಿ ಒಳಗಿನಿಂದ ಕೂಗಿದರು: "ನಾನು ಮೊದ್ಲೇ ಅಂದ್ನಲ್ಲ ಶೆಟ್ರೆ, ಕಲಗಚ್ಚಿಂದು ಅಂತ."

ಅಡ್ಡಪಟ್ಟಿಯನ್ನು ಬಡಗಿ ಅಲ್ಲೇ ಮೂರು ದಿನ ಕೂತು ಕುಯ್ದುಕೊಟ್ಟ. ಅವನು ತಂದ ಮೂವತ್ತನ್ನು ಅಂಗಡಿ ಮುಂದೆ ಸಾಲಾಗಿಟ್ಟೆ. ನಿಡುಗಲ್ ಕಡೆಯ ಕುರಿ ಸಾಕುವವರು ಸಂತೆಗೆ ಬಂದಾಗ ಕುರಿಗೆ ನೀರಿಡುವುದಕ್ಕೆಂದು ಒಂದೂ ಬಿಡದೆ ಹೊತ್ತುಕೊಂಡು ಹೋದರು. ಮುಂದಿನ ಸಂತೆಗೆ ಬಂದು, "ಇನ್ನೊಂದಿಪ್ಪತ್ತು ಇದ್ರೆ ಕೊಡ್ರಪ್ಪ" ಎಂದರು. ನಾನು ಮಾರುವ ಹಲಗೆ ತೊಲೆ ಯಾವುದನ್ನೂ ಯಾರೂ ಹಾಗೆ ಹುಡುಕಿಕೊಂಡು ಬಂದದ್ದಿಲ್ಲ.

ನಿಂಬೆಹಣ್ಣು

ಅಂತೂ ಶಾಲೆ ತೆರೆಯುವ ಹಿಂದಿನ ದಿನಕ್ಕೆ ಮೂವತ್ತು ಬೆಂಚೂ ಮುಗಿದವು. ಹಿತ್ತಲ ಮಣ್ಣುನೆಲದಲ್ಲಿ ಲಕ್ಷಣವಾಗಿ ನಿಂತಿದ್ದವು. ಒಂದನ್ನು ಜಗಲಿಯ ಚಪ್ಪಡಿ ಮೇಲೆ ತರಿಸಿ, ಅದರ ಮೇಲೊಂದು ನಿಂಬೆಹಣ್ಣು ಇಟ್ಟೆ. ಹಣ್ಣು ಎಡಕ್ಕೆ ಉರುಳಿ ಕೆಳಗೆ ಬಿತ್ತು. ಇನ್ನೊಂದು ತರಿಸಿದೆ. ಎಡಕ್ಕೇ. ಮೂವತ್ತೂ ಎಡಕ್ಕೇ. ಎಡಗಾಲಿನ ಅಚ್ಚಿಗೆ ಗೂಟ ಹೊಡೆದವನು ನಾನು. ಒಂದು ಬೆರಳಷ್ಟು ಒಳಗೆ ಹೊಡೆದಿದ್ದೆ, ಎಡಗಾಲುಗಳೆಲ್ಲ ಅಷ್ಟಷ್ಟು ಗಿಡ್ಡ.

"ನಿಮಗೆ ಗೊತ್ತಾಗಲಿಲ್ವೇ ಆಚಾರ್ರೆ?"

"ಮೊದಲ್ನೇ ಬೆಂಚಿಗೇ ಗೊತ್ತಾಯ್ತು. ಅಳತೆ ಅಚ್ಚು ನೋಡ್ಕತದೆ, ನೀವು ಜೋಡ್ಸಿ ಸಾಕು ಅಂದಿದ್ರಿ. ಜೋಡಿಸ್ದೆ." ಆಮೇಲೆ ನಿಧಾನವಾಗಿ ಸೇರಿಸಿದರು: "ನನ್ ಕೈ ತಪ್ಪಿದ್ರೆ ಒಂದು ಕಾಲು ತಪ್ತದೆ. ನಿಮ್ಮ ಅಚ್ಚು ತಪ್ಪಿದ್ರೆ ಮೂವತ್ತೂ ಶಿಸ್ತಾಗಿ ತಪ್ತವೆ."

ತಿದ್ದಲು ಹೊತ್ತಿರಲಿಲ್ಲ. ಬೆಳಗಾಗುತ್ತಲೇ ಆ ಅಚ್ಚನ್ನು ಹಂಡೆ ಒಲೆಗೆ ತುರುಕಿ, ಅದೇ ನೀರಲ್ಲಿ ಸ್ನಾನ ಮಾಡಿ, ಗಾಡಿಗಳ ಹಿಂದೆ ಆಚಾರಿಯೊಡನೆ ಕೊರಟಗೆರೆಗೆ ಹೊರಟೆ. ದಾರಿಯುದ್ದಕ್ಕೂ ತುಮಕೂರಿನವರ ಮುಖವೇ ಕಣ್ಣೆದುರು.

ಶಾಲೆಯೊಳಗೆ ಕಾಲಿಟ್ಟ ಆಚಾರಿ ಬಾಗಿಲಲ್ಲೇ ನಿಂತರು. ಒಂದು ಚೊಂಬು ನೀರು ತರಿಸಿ ನೆಲಕ್ಕೆ ಸುರಿದರು. ನೀರು ಒಂದೇ ಕಡೆಗೆ ಹರಿಯಿತು. ತೊಳೆದ ನೀರು ಹೊರಗೆ ಹೋಗಲೆಂದು ನೆಲವನ್ನು ಒಂದು ಗೋಡೆಯ ಕಡೆಗೆ ಇಳಿಜಾರು ಮಾಡಿದ್ದರು. ಆಚಾರಿ ಪ್ರತಿ ಬೆಂಚಿನ ಗಿಡ್ಡಗಾಲನ್ನು ಎತ್ತರದ ಕಡೆಗೆ ತಿರುಗಿಸಿ ಇಡಿಸಿದರು.

ಅಮಲ್ದಾರರು ಬಂದು ಮೇಷ್ಟರ ದುಂಡು ರೂಲುದೊಣ್ಣೆಯನ್ನು ಒಂದು ಬೆಂಚಿನ ಮೇಲೆ ಇಟ್ಟರು. ಅಲುಗಲಿಲ್ಲ. ಇನ್ನೊಂದರ ಮೇಲಿಟ್ಟರು. ಅಲುಗಲಿಲ್ಲ.

"ನೆಲದ ಇಳಿಜಾರನ್ನೂ ಲೆಕ್ಕಕ್ಕೆ ತಗೊಂಡು ಕಾಲು ಕುಯ್ಸಿದ್ದೀರಲ್ಲ ಶೆಟ್ಟರೇ! ತುಮಕೂರಿನವರಿಗೆ ಇದು ತೋಚ್ತಿತ್ತೇ? ಚನ್ನರಾಯನದುರ್ಗದ ಶಾಲೆಗೂ ಇದೇ ಮೇಸ್ತ್ರಿ ಇಷ್ಟೇ ಇಳಿಜಾರು ಹಾಕಿದ್ದಾನೆ. ಅಲ್ಲಿಗೆ ಇಪ್ಪತ್ತು, ಹೀಗೇ ಇರಬೇಕು."

ಕೈಮುಗಿದೆ. ಅವರು ಅತ್ತ ಹೋದ ಮೇಲೆ ಆಚಾರಿಯ ಕಿವಿಯಲ್ಲಿ ಹೇಳಿದೆ: "ಈಗೇನು ಮಾಡೋದು? ಆ ಅಚ್ಚು ಬೆಳಿಗ್ಗೆ ಸುಟ್ಟುಬಿಟ್ಟೆನಲ್ಲ."

"ಹೊಸ್ದು ಮಾಡಾಣ ಬುಡಿ. ಹಲಗೆ ನಾನು ಜೋಡಿಸ್ತೀನಿ" ಎಂದರು ಆಚಾರಿ. "ಗೂಟ ಮಾತ್ರ ನೀವೇ ಹೊಡೀರಿ. ಅಷ್ಟು ಸರಿಯಾಗಿ ತಪ್ಪು ಹೊಡೆಯೋಕೆ ನಂಗೆ ಈ ವಯಸ್ನಾಗೆ ಅಭ್ಯಾಸ ಆಗಲ್ಲ."