ಮೂರು ಗಂಟೆಯ ದಿಲ್ಲಿ

ಮಂಗಳೂರಿನಿಂದ ದಿಲ್ಲಿಗೆ ರಸ್ತೆಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ನೇರ ವಿಮಾನದಲ್ಲಿ ಮೂರೇ ಗಂಟೆ. ಈ ಲೆಕ್ಕ ಕೇಳಿ ಊರವರು ಬೆರಗಾದರೆ, ಕುಂಬ್ರದ ಶ್ರೀರಾಮರು ಮಾತು ಬದಲಿಸಿದರು. ಸಂಪಾಜೆ ಘಾಟಿಯಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋದ ಆಸಾಮಿಗೂ ವಿಮಾನ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಐವತ್ತು ದಾಟಿದ ಗಂಡಸು ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಶನಿವಾರ ದಿಲ್ಲಿಯಲ್ಲಿ ಭಾವನ ಮನೆ ಒಕ್ಕಲು, ಹೊಸ ಮನೆಯ ಪೂಜೆ. ಹೆಂಡತಿ ವಸುಮತಿ ವಾರ ಮೊದಲೇ ರೈಲಿನಲ್ಲಿ ಹೋಗಿಯಾಗಿತ್ತು. ಇವರಿಗೆ ಭಾವನೇ ಟಿಕೆಟು ಕಳಿಸಿದ್ದ.

ಗಲ್ಫಿಗೆ ಹೋಗಿ ಬಂದು ಅಭ್ಯಾಸವಿದ್ದ ಅಂಗಡಿಯ ನೌಷಾದ್, ಕೇಳದೆಯೇ ಧೈರ್ಯ ತುಂಬಿದ. ಏರುವಾಗ ಕಿವಿ ಮುಚ್ಚುತ್ತದೆ, ಇಳಿಯುವಾಗ ಕರುಳು ಬಾಯಿಗೆ ಬಂದ ಹಾಗಾಗುತ್ತದೆ, ನಡುವೆ ಏನೂ ಇಲ್ಲವಂತೆ. ಶ್ರೀರಾಮರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಕೈ ಹಿಡಿದದ್ದು ಪಂಚಾಂಗ. ಶುಕ್ರವಾರದ ಆ ವಿಮಾನ ಏರುವುದು ಸರಿಯಾಗಿ ರಾಹುಕಾಲದಲ್ಲಿ! ವಸುಮತಿಗೆ ಫೋನು ಮಾಡಿ ಹೇಳಿದಾಗ ಆಕೆಯೂ ಅಳುಕಿದರು. ಶ್ರೀರಾಮರು ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ನೆರೆಮನೆಯ ಕೂಸಪ್ಪ ಬೇಲಿಯಾಚೆಯಿಂದ ಪರಿಹಾರ ಸೂಚಿಸಿದರು.

"ಪ್ರಸ್ಥಾನ ಇಟ್ರೆ ಆಯ್ತಲ್ಲ ಶ್ರೀರಾಮಣ್ಣ. ಗುರುವಾರ ಒಳ್ಳೆ ಹೊತ್ತಿನಲ್ಲಿ ನಿಮ್ಮ ಬ್ಯಾಗು ನಮ್ಮಲ್ಲಿ ತಂದಿಡಿ. ಅಲ್ಲಿಗೆ ನೀವು ಹೊರಟ ಲೆಕ್ಕ. ಮತ್ತೆ ರಾಹು ಎಂತ ಮಾಡುದು?"

ವಸುಮತಿ ಫೋನಿನಲ್ಲೇ ಒಪ್ಪಿದರು. ಶ್ರೀರಾಮರಿಗೆ ಕೂಸಪ್ಪನ ಮೇಲೆ ಮೈಯೆಲ್ಲ ಉರಿಯಿತು. ಆದರೆ ಮರುಗಳಿಗೆಯಲ್ಲೇ ಇನ್ನೊಂದು ಉಪಾಯ ಹೊಳೆಯಿತು. ಕೂಸಪ್ಪ ಶುಕ್ರವಾರ ಬೆಳಕು ಹರಿಯುವ ಮೊದಲೇ ಮನೆಗೆ ಬೀಗ ಹಾಕಿ, ಕೊಯಿಲದ ಜಾನುವಾರು ಫಾರ್ಮಿಗೆ ಕರು ತರಲು ಹೋಗುವವರಿದ್ದರು. ಶ್ರೀರಾಮರು ವಿಮಾನ ಹತ್ತಲು ಬೇಕಾದ ಆಧಾರ್ ಕಾರ್ಡನ್ನೂ ಮೆಲ್ಲ ಬ್ಯಾಗಿನೊಳಗೆ ತುರುಕಿ, ನೆರೆಮನೆಯಲ್ಲಿಟ್ಟು ಬಂದರು.

ಅಂದುಕೊಂಡಂತೆಯೇ ಆಯಿತು. ಬೆಳಿಗ್ಗೆ ಕೂಸಪ್ಪನ ಬಾಗಿಲಲ್ಲಿ ಬೀಗ. ಶ್ರೀರಾಮರು ತಲೆಯ ಮೇಲೆ ಕೈಹೊತ್ತು ಜಗಲಿಯಲ್ಲಿ ಕುಳಿತರು, ಒಳಗೊಳಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಹಾದಿಯಲ್ಲಿ ಹೋಗುತ್ತಿದ್ದ ನೌಷಾದ್ ಸುಮ್ಮನಿರಬೇಕಲ್ಲ. ಕೂಸಪ್ಪನಿಗೆ ಫೋನು ಮಾಡಿಯೇಬಿಟ್ಟ. ಕರು ಹೇರಿಕೊಂಡಿದ್ದ ಪಿಕಪ್ಪು ಧೂಳೆಬ್ಬಿಸುತ್ತ ಬಂತು. ಕೂಸಪ್ಪ ಬ್ಯಾಗು ತಂದು ಶ್ರೀರಾಮರನ್ನು ಎಳೆದು ಕೂರಿಸಿ, ಕರುವನ್ನು ಇಳಿಸಲೂ ನಿಲ್ಲದೆ ಮಂಗಳೂರಿನ ದಾರಿ ಹಿಡಿದರು. ತಪ್ಪು ತನ್ನದೇ ಎಂದು ದಾರಿಯುದ್ದಕ್ಕೂ ಮರುಗಿದರು. ಹಿಂದಿನಿಂದ ಕರು ಅಂಬಾ ಎನ್ನುತ್ತಿತ್ತು. ಶ್ರೀರಾಮರು ಎದುರು ಕಂಡ ಪ್ರತಿ ಲಾರಿಗೂ ಮನಸ್ಸಿನಲ್ಲೇ ಕೈಮುಗಿದರು. ಒಂದಾದರೂ ಅಡ್ಡ ನಿಲ್ಲಲಿ ಎಂದು.

ಒಂದು ನಿಂತಿತು. ಏರ್‌ಪೋರ್ಟು ಮುಟ್ಟುವಾಗ ಕೌಂಟರು ಮುಚ್ಚಿತ್ತು.

ಶ್ರೀರಾಮರಿಗೆ ನೆಮ್ಮದಿಯಿಂದ ಕಣ್ಣು ತುಂಬಿ ಬಂತು. ಹೆಗಲ ಮೇಲಿನ ಬೈರಾಸಿನಿಂದ ಒರೆಸಿಕೊಂಡರು. ಪಕ್ಕದ ವಿಮಾನ ಕಂಪೆನಿಯ ಆಫೀಸಿನ ಕಿಟಕಿಯಲ್ಲಿ ಕೂಸಪ್ಪ ಮನೆ ಒಕ್ಕಲಿನ ಕತೆಯನ್ನೆಲ್ಲ ಒಪ್ಪಿಸಿದರು. ಒಳಗಿದ್ದ ಹುಡುಗಿ ಶ್ರೀರಾಮರ ಕಣ್ಣು ನೋಡಿ ಕರಗಿಹೋದಳು.

"ಅಳ್ಬೇಡಿ ಅಂಕಲ್. ಮಧ್ಯಾಹ್ನ ಬೆಂಗಳೂರಿಗೊಂದು ಉಂಟು. ಅಲ್ಲಿಂದ ಹೈದರಾಬಾದಿಗೆ, ಅಲ್ಲಿಂದ ದಿಲ್ಲಿಗೆ. ನಾಳೆ ಪೂಜೆಗೆ ಖಂಡಿತ ಮುಟ್ತೀರಿ. ಬೇರೆ ದುಡ್ಡು ಬೇಡ."

ಕೂಸಪ್ಪ ಆಗಲೇ ವಸುಮತಿಗೆ ಫೋನು ಮಾಡಿ, ಒಂದು ಟಿಕೆಟಿನಲ್ಲಿ ಮೂರು ವಿಮಾನ ಸಿಕ್ಕಿದ ಭಾಗ್ಯವನ್ನು ವರ್ಣಿಸುತ್ತಿದ್ದರು.

ಮೂರು ಸಲ ಏರುವುದು. ಮೂರು ಸಲ ಇಳಿಯುವುದು. ಶ್ರೀರಾಮರು ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಆ ನೇರ ಹೋಗುದು ಹೋಗಿಯೇ ಆಯ್ತಾ ಅಮ್ಮ? ಸ್ವಲ್ಪ ನೋಡಿ. ನನಗೆ ಅದೇ ಆಗ್ಬೇಕಿತ್ತು."