ಐದು ಸಲ ಒತ್ತಿದ ತೊಟ್ಟಿಲ ವಿಡಿಯೋ

ದೇವರು ಕೊಟ್ಟ ಸಣ್ಣಪುಟ್ಟ ವರಗಳನ್ನು ನಾನು ದಿನಾ ಪೂಜೆಗೆ ಕೂತಾಗ ಎಣಿಸುತ್ತೇನೆ. ನಳದಲ್ಲಿ ನೀರು ಬಂತು, ಒಂದು. ತಟ್ಟುವಾಗ ರೊಟ್ಟಿ ಹರಿಯಲಿಲ್ಲ, ಎರಡು. ಆ ದಿನ ಮೂರನೆಯದೂ ಸಿಕ್ಕಿತು. ವಿಡಿಯೋ ಸಣ್ಣದು ಮಾಡುವ ವಿದ್ಯೆ!

ಮಗಳ ಬಾಣಂತನ ಕಲಬುರಗಿಯ ನಮ್ಮ ಮನೆಯಲ್ಲೇ ನಡೆದಿತ್ತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಕಮಲಾಪುರದಿಂದ ಬೀಗರೆಲ್ಲ ಬಂದಿದ್ದರು, ಅಳಿಯನ ಅಜ್ಜಿಯೊಬ್ಬರನ್ನು ಬಿಟ್ಟು. ಸೊಂಟ ಮುರಿದು ಮಂಚ ಹಿಡಿದಿದ್ದ ಆ ಜೀವಕ್ಕೆ ಮರಿಮಗಳ ಹೆಸರಿಡುವುದನ್ನು ನೋಡುವ ಒಂದೇ ಆಸೆ.

"ನೀವೇನೂ ಚಿಂತಿ ಮಾಡಬ್ಯಾಡ್ರಿ. ಎದುರಿಗೆ ಕೂತು ನೋಡಿದಂಗ ತೋರಸ್ತೀನಿ" ಎಂದು ಬೀಗತಿಗೆ ಎಲ್ಲರ ಮುಂದೆ ಮಾತು ಕೊಟ್ಟೆ. ಬೇರೆ ಯಾರಿಗೂ ವಿಡಿಯೋ ತೆಗೆಯಲು ಬಿಡಲಿಲ್ಲ! ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ ಎಂದು ಹೆಸರು ಊದಿದ್ದು, ಹೆಂಗಸರೆಲ್ಲ ಪದ್ಧತಿಯಂತೆ ಆ ಅತ್ತೆಯ ಬೆನ್ನಿಗೆ ದಬದಬ ಗುದ್ದಿದ್ದು, ಎಲ್ಲವೂ ನನ್ನ ಮೊಬೈಲಿನಲ್ಲಿ ಭದ್ರ. ನಾಲ್ಕು ಜೀಬಿ!

ಎರಡೇ ದಿನಕ್ಕೆ ಮೊಬೈಲು ಜಾಗ ಇಲ್ಲ ಎಂದು ಅಳತೊಡಗಿತು. ಪಕ್ಕದ ಮನೆಯ ನಸೀಮಾ ಆಪಾ ಒಂದು ಆ್ಯಪ್ ಹಾಕಿಕೊಟ್ಟರು.

"ಇದು ವಿಡಿಯೋನ ಒತ್ತಿ ಸಣ್ಣದು ಮಾಡ್ತದ ಅಕ್ಕಾ."

"ಚಿತ್ರ ಕೆಡಂಗಿಲ್ಲ ಹೌದಲ್ರೀ ಆಪಾ?"

"ಕೆಟ್ಟದ್ದು ಗೊತ್ತೂ ಆಗಂಗಿಲ್ಲ. ಒಂದು ಸಲ ಒತ್ರಿ, ಬಸ್!"

ಒತ್ತಿದೆ. ನಾಲ್ಕು ಜೀಬಿ ಒಂದಾಯಿತು. ಚಿತ್ರ ಹಾಗೇ ಇತ್ತು! ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಒಳ್ಳೆಯ ಕೆಲಸವನ್ನು ಒಂದೇ ಸಲಕ್ಕೆ ಬಿಡಬಾರದೆಂಬುದು ನನ್ನ ನೇಮ. ಪಂಚಾಕ್ಷರಿಗೆ ಐದಕ್ಷರ. ಒಂದೊಂದು ಅಕ್ಷರಕ್ಕೆ ಒಂದೊಂದು ಸಲದಂತೆ, ಒತ್ತಿದ್ದನ್ನೇ ಮತ್ತೆ ಮತ್ತೆ ಹಾಕಿ, ಭಕ್ತಿಯಿಂದ ಐದು ಸಲ ಪೂರೈಸಿದೆ. ಕೊನೆಗೆ ಉಳಿದದ್ದು ಹದಿನೈದು ಎಂಬಿ! ಮೂಲ ವಿಡಿಯೋವನ್ನೂ ನಡುವಿನ ನಾಲ್ಕನ್ನೂ ಅಳಿಸಿ ಹಾಕಿದೆ. ಚಷ್ಮಾ ಎಲ್ಲಿಟ್ಟಿದ್ದೆನೋ ಶಿವನೇ ಬಲ್ಲ. ಅಂಗೈಯಗಲದ ಪರದೆಯಲ್ಲಿ ಏನೋ ಬಣ್ಣಬಣ್ಣವಾಗಿ ಆಡುತ್ತಿತ್ತು. ಇಷ್ಟು ಸಾಕೆನಿಸಿತು.

ಭಾನುವಾರ ನಮ್ಮ ಮನೆಯವರು ಅದನ್ನು ಹೊಸ ಪೆನ್ ಡ್ರೈವಿಗೆ ಹಾಕಿಸಿಕೊಂಡರು. ಇಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು. ಬೀಗರ ಮನೆಯಲ್ಲಿ ಅಜ್ಜಿಯ ಮಂಚವನ್ನು ಟಿವಿಯ ಮುಂದೆ ಎಳೆದು, ನೆರೆಹೊರೆಯವರನ್ನೂ ಕರೆದಿದ್ದರು. ನಾನು ಸೆರಗು ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ಕೂತೆ.

ವಿಡಿಯೋ ಶುರುವಾಯಿತು. ಗೋಡೆಯಗಲದ ಟಿವಿಯ ತುಂಬ ಚೌಕ ಚೌಕ ಬಣ್ಣ. ಹಳೇ ಕೌದಿ ಒಗೆದು ಒಣಹಾಕಿದಂತೆ!

"ಬೀಗರ, ಈ ಹಸಿರು ಸೀರಿಯಾಕಿ ಯಾರ್ರೀ?" ಎಂದು ಬೀಗತಿ ಕೇಳಿದರು.

"ಅದು... ಕಿಡಕಿ ಪರದೆರೀ."

"ಅತ್ತಿ, ನಾ ಎಲ್ಲದೀನ್ರಿ?" ಎಂದಳು ಸೋದರತ್ತೆ.

"ದಬದಬ ಸಪ್ಪಳ ಕೇಳಾಕತ್ತದಲ್ಲ, ಅದರ ಕೆಳಗ ಇದ್ದಿ ನೋಡವ್ವ."

"ಕೂಸರ ಎಲ್ಲದ?"

ಧೈರ್ಯ ಮಾಡಿ ನಡುವಿನ ಹಳದಿ ಚೌಕಕ್ಕೆ ಬೆರಳು ತೋರಿಸಿದೆ.

"ಅಯ್ಯ, ಅದು ಗುಗ್ಗರಿ ತುಂಬಿದ ಗಂಗಾಳ್ರೀ!" ಎಂದರು ಬೀಗತಿ.

ಮನೆಯವರು ನನ್ನ ಕಿವಿಗೆ ಬಗ್ಗಿದರು.

"ಏನ ಮಾಡೀದಿ ಇದಕ್ಕ?"

"ಐದು ಸಲ ಒತ್ತೀನ್ರಿ. ಪಂಚಾಕ್ಷರಿ."

"ಪುಣ್ಯಾ, ಮುಂದ ಓಂ ಸೇರಿಸಿಲ್ಲ! ಹಿಂಡಿದ್ದನ್ನ ಮತ್ತ ಹಿಂಡಿದ್ರ ಏನ ಉಳೀತದ, ಕಬ್ಬಿನ ಸಿಪ್ಪಿ! ಈ ಪೆನ್ ಡ್ರೈವಿನಾಗ ಮೊದಲಿನ ವಿಡಿಯೋ ಏಳು ಸಲ ಹಿಡೀತಿತ್ತು. ಎಲ್ಲದ ಅದು?"

"ಅಳಿಸೀನಿ."

"ಅಳಿಸಿದ್ದು ಮೊಬೈಲಿನ ಕಸದ ಬುಟ್ಯಾಗ ಇರ್ತದ. ತಗಿ ಈಗ."

"ಸಂಜಿ ದೀಪ ಹಚ್ಚೋ ಹೊತ್ತಿಗೆ ಕಸ ಇಟಗೊಂಡು ಕೂಡಾಕಿ ಏನ್ರೀ ನಾನು? ಆ ಬುಟ್ಟೀನೂ ಚೆಲ್ಲೀನಿ!"

ಅವರು ನನ್ನಿಂದ ಒಂದು ಗೇಣು ದೂರ ಸರಿದು ಕೂತರು. ಒಂದೇ ಗೇಣು ಸರಿದದ್ದೂ ದೇವರ ದಯೆಯೇ. ನೆರೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಲುಗತೊಡಗಿದರು. ನೆಲ ಬಾಯಿಬಿಟ್ಟರೆ ಇಳಿದುಹೋಗಲು ನಾನು ತಯಾರಿದ್ದೆ.

ಆಗ ಮಂಚದ ಮೇಲಿಂದ ನಡುಗುವ ದನಿ ಬಂತು.

"ಎಷ್ಟ ಚಂದ ಬಂದದವ್ವಾ ಇದು!"

ಅಜ್ಜಿಯ ಕಣ್ಣಲ್ಲಿ ನೀರು. ಎರಡೂ ಕೈ ಚಾಚಿ ಗುಗ್ಗರಿ ಗಂಗಾಳಕ್ಕೆ ದೃಷ್ಟಿ ತೆಗೆದು, ಲಟಲಟ ಲಟಿಗೆ ಮುರಿದರು. "ನನ್ನ ಬಂಗಾರ, ಥೇಟ್ ನಮ್ಮ ಮನಿ ಮೂಗು!"

ನಗುತ್ತಿದ್ದವರೆಲ್ಲ ಬಾಯಿಂದ ಸೆರಗು ತೆಗೆದು ಅಜ್ಜಿಯ ಕಡೆ ತಿರುಗಿದರು. ನನ್ನ ಎದೆ ಉಬ್ಬಿತು. ನೋಡಿರಿ, ಕೆಲಸ ಮೆಚ್ಚುವವರು ಒಬ್ಬರಾದರೂ ಇದ್ದೇ ಇರುತ್ತಾರೆ!

ಬೀಗತಿ ಮೆಲ್ಲಗೆ ಹೇಳಿದರು: "ಅವರಿಗೆ ಎರಡೂ ಕಣ್ಣಾಗ ಪೊರಿ ಬಂದದರೀ. ಎಲ್ಲಾನೂ ಹಿಂಗೇ ಕಾಣಸ್ತದ."

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಮುಂದಿನ ವಾರ ಕಣ್ಣಿನ ಆಪರೇಷನ್ ಅದವ್ವ. ಪಟ್ಟಿ ಬಿಚ್ಚಿದ ಕೂಡಲೆ ಮೊದಲ ಇದನ್ನೇ ಹಚ್ಚಿಸಿ ನೋಡ್ತೀನಿ. ಚಲೋ ಆಗ್ಲಿ ಅಂತ ದೇವರಿಗೆ ಬೇಡಿಕೋ."

ಕಣ್ಣು ಮುಚ್ಚಿ ಕೈ ಮುಗಿದೆ. ಇಷ್ಟು ವರ್ಷದ ಪೂಜೆಯಲ್ಲಿ ಮೊದಲ ಸಲ, ದೇವರೆದುರು ನನ್ನ ಬಾಯಿ ತಡವರಿಸಿತು!