ಟಾಕೀಸಿನ ಬೆಳಕಿಗೆ ತಲೆ ಕೊಟ್ಟವರು

ನಮ್ಮೂರ ಟಾಕೀಸಿನ ಬಾಲ್ಕನಿ ಬಾಗಿಲಲ್ಲಿ ಕಡಲೆಕಾಯಿ ಮಾರುವವಳು ನಾನು. ಪರದೆ ಮೇಲಿನ ಕತೆ ಒಂದೂ ಪೂರ್ತಿ ನೋಡಿಲ್ಲ. ಬಾಗಿಲ ಹತ್ರ ನಡೆಯೋದನ್ನು ನೋಡೇ ಎದೆ ಎದೆ ಹೊಡ್ಕೊಂಡು ಸಾಕಾಗಿದೆ.

ಬಟ್ಟೆಯಲ್ಲಿ ಸುತ್ತಿದ್ದು

ಸಿನಿಮಾ ಬಿಡೋ ಹಳೇ ಮಿಷನ್ನಿನ ಬಲ್ಬು ತಣ್ಣಗಿದ್ದರೂ ಬಾಂಬಿನ ಹಾಗೆ ಸಿಡಿಯುತ್ತಂತೆ. ಕೆಟ್ಟರೆ ದಪ್ಪ ಬಟ್ಟೆ ಸುತ್ತಿಯೇ ಹೊರಗೆ ತರಬೇಕಂತೆ, ಅದು ರೂಲು. ನನಗೇನು ಗೊತ್ತು? ಒಂದಿನ ಆಪರೇಟರ್ ಬಟ್ಟೆ ಗಂಟೊಂದನ್ನು ಎದೆಗವುಚಿಕೊಂಡು ಮೆಲ್ಲಗೆ ಮೆಟ್ಟಿಲಿಳಿದ. ಪಕ್ಕದ ಹೂವಿನವಳಿಗೆ, "ಮಗು ಕಣೇ!" ಅಂದೆ. ನಾನು ಹೇಳಿದ್ದು ಅಷ್ಟೇ. ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟೋ ಹೊತ್ತಿಗೆ ಮಗುವಿಗೆ ತಾಯಿಯೂ ಸಿಕ್ಕಿದ್ದಳು!

ಅವನ ಹೆಂಡತಿ ಪೊರಕೆ ಹಿಡಿದೇ ಬಂದಳು. "ಯಾರದ್ದದು?"

"ಮುಟ್ಟಬೇಡ ಮಾರಾಯ್ತಿ, ಸಿಡಿಯುತ್ತೆ!"

"ಇನ್ನು ಸಿಡಿಯೋದೇನು ಉಳಿದಿದೆ?"

ಅಂಬೆಗಾಲು

ಆಮೇಲೆ ಲೇಸರ್ ಮಿಷನ್ ಬಂತು. ಅದರ ಬೆಳಕು ನೇರ ಬಿದ್ದರೆ ಕಣ್ಣೇ ಹೋಗುತ್ತಂತೆ. ನಿಂತವರ ತಲೆಗೂ ಎಟುಕದಷ್ಟು ಮೇಲೆ ಹಾಯಬೇಕಂತೆ. ನಮ್ಮಲ್ಲಿ ಬಾಲ್ಕನಿಯ ಹಿಂದಿನ ಸಾಲಲ್ಲಿ ಎದ್ದರೆ ತಲೆ ಬೆಳಕೊಳಗೇ.

"ಆ ಸಾಲು ಕೀಳಿಸಿ ಸಾರ್, ಇನ್‌ಸ್ಪೆಕ್ಟರ್ ಕಂಡರೆ ಬೀಗ ಜಡೀತಾರೆ" ಅಂದ ಆಪರೇಟರ್.

"ಕಾಫಿ ಎಸ್ಟೇಟಿನವರು ಕೂರೋ ಸಾಲು ಮಾರಾಯ, ಹೇಗೆ ಕೀಳೋದು?" ಅಂದ ಓನರ್ರು 'ಏಳಬಾರದು' ಅಂತ ಬೋರ್ಡು ಹಾಕಿಸಿ ಸುಮ್ಮನಾದರು.

ಸಿನಿಮಾ ಮಧ್ಯೆ ಒಂದಕ್ಕೆ ಅವಸರವಾದರೆ? ಶಿವ ಶಿವಾ! ಹೈಸ್ಕೂಲಿನ ಹೆಡ್‌ಮಾಸ್ಟರ್ರು ಅಂಬೆಗಾಲಿಡುತ್ತಾ ನನ್ನ ಬುಟ್ಟಿ ಮುಂದೆ ಬಂದರು.

"ಏನು ಕಳಕೊಂಡ್ರಿ ಮೇಷ್ಟ್ರೇ?"

"ಮರ್ಯಾದೆ" ಅಂದರು.

ಬೀಗ

ಕೊನೆಗೆ ಟಾಕೀಸು ಚೆಕ್ ಮಾಡೋ ಇನ್‌ಸ್ಪೆಕ್ಟರ್ ಬಂದೇಬಿಟ್ಟ. ನಮ್ಮ ಕಡೆಯವನೇ, ಅವನಪ್ಪ ಮಲ್ಲಂದೂರು ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದ. ಚಳಿಗೆ ಕುಚ್ಚಿನ ಮಂಕಿಕ್ಯಾಪ್ ಹಾಕಿಕೊಂಡು ಆ ಹಿಂದಿನ ಸಾಲಲ್ಲೇ ಕೂತ. "ಪರದೆ ಮೇಲೆ ಒಂದು ತಲೆ ಕಂಡರೂ ಇವತ್ತೇ ಬೀಗ" ಅಂದ. ಓನರ್ರು ನನ್ನ ಪಕ್ಕ ಬಾಗಿಲಲ್ಲೇ ನಿಂತರು. ಜನ ಸೀಟಿಗೆ ಅಂಟಿಕೊಂಡು ಕೂತರು.

ಅರ್ಧ ಸಿನಿಮಾ ಆಗಿತ್ತು. ಬಾಗಿಲು ತಳ್ಳಿಕೊಂಡು ಬಂದವರು ಯಾರು? ಅದೇ ಮಲ್ಲಂದೂರು ಎಸ್ಟೇಟಿನ ಸಾಹುಕಾರ್ರು! ಅವರು ಬಂದಾಗ ನಮ್ಮೂರಲ್ಲಿ ಯಾರಾದರೂ ಕೂತಿರೋದುಂಟಾ? ಸಾಲಿಗೆ ಸಾಲೇ ದಡಬಡ ಎದ್ದು ಕೈ ಮುಗೀತು. ಪರದೆ ತುಂಬ ತಲೆ! ಕೆಳಗಿನವರದ್ದು ಸಿಳ್ಳೋ ಸಿಳ್ಳು.

"ನನ್ನ ಟಾಕೀಸು ಹೋಯ್ತು!" ಅಂತ ಓನರ್ರು ನೆಲಕ್ಕೇ ಕುಸಿದರು. ಅಲ್ಲಿಂದಲೇ ಪರದೆ ನೋಡಿದವರಿಗೆ ಜೀವ ಬಂತು. "ಬೀಗ ಹಾಕಿ ಸಾರ್. ಆದರೆ ಮಧ್ಯದಲ್ಲಿ, ಎಲ್ಲರಿಗಿಂತ ಜಾಸ್ತಿ ಬಗ್ಗಿ ಕೈ ಮುಗೀತಿದೆಯಲ್ಲ, ಆ ಕುಚ್ಚಿನ ಟೋಪಿ ಯಾರದ್ದು?"

ಇನ್‌ಸ್ಪೆಕ್ಟರ್ ಪರದೆ ನೋಡಿದ. ಮೆಲ್ಲಗೆ ಕ್ಯಾಪ್ ತೆಗೆದ. ನೆರಳೂ ತೆಗೀತು.

"ಬೀಗ ಬೇಡ, ಸಾಲು ಕಿತ್ತರೆ ಸಾಕು" ಅಂದವನು ನನ್ನ ಬುಟ್ಟಿ ದಾಟಿ ಆಚೆ ಹೋಗಿದ್ದು ಮಾತ್ರ ಅಂಬೆಗಾಲಲ್ಲೇ.